ಹಬ್ಬಕ್ಕೆ ನೆಟ್ಟಗಾದ ಗೋಡೆ

ನನ್ನ ಅತ್ತಿಗೆ ಯಂಜ್ಮಾಳಿಗೆ ತಲೆ ಕೆಡುವುದು ಬಿಳಿ ತಿಂಗಳ ಹಬ್ಬಕ್ಕೆ ಮುಂಚೆ. ಹೊಸ ವರ್ಷ ಹುಟ್ಟುವುದರೊಳಗೆ ಮನೆಯಲ್ಲಿ ಮುರಿದದ್ದು, ಹರಿದದ್ದು ಏನೂ ಉಳಿಯಬಾರದು ಎಂಬುದು ನಮ್ಮವರ ಶಾಸ್ತ್ರ. ಹಾಗಾಗಿ ಉಲಾನ್‌ಬಾತರಿನ ಅರ್ಧ ಜನಕ್ಕೆ ತಮ್ಮ ಗೋಡೆಯ ಡೊಂಕು ಕಣ್ಣಿಗೆ ಬೀಳುವುದು ಆಗಲೇ. ವರ್ಷವಿಡೀ ಸುಮ್ಮನಿದ್ದವರು, ರೆಪ್ಪೆಯೇ ಹೆಪ್ಪುಗಟ್ಟುವ ಚಳಿಯಲ್ಲಿ ಅವಳಿಗೆ ಫೋನ್ ಮಾಡುತ್ತಾರೆ.

“ಹಿಮ ಕರಗ್ಲಿ, ಆಮೇಲೆ ಕರೀರಿ” ಎನ್ನುತ್ತಾಳೆ. ಹಿಮ ಕರಗಿದ ಮೇಲೆ ಒಬ್ಬರೂ ಕರೆಯುವುದಿಲ್ಲ.

ಕಾಂಕ್ರೀಟ್ ಗೋಡೆಗಳನ್ನು ಚಪ್ಪಡಿಯಂತೆ ಎರಕ ಹೊಯ್ಯುವ ಕಾರ್ಖಾನೆಯಲ್ಲಿ ಅವಳು ದುಡಿದವಳು. ಕಾರ್ಖಾನೆ ಮುಚ್ಚಿತು, ಗೋಡೆಗಳು ಊರ ತುಂಬ ನಿಂತಿವೆ. ಈಗ ಅವುಗಳ ರಿಪೇರಿಯೇ ಅವಳ ಕಸುಬು. ಚಳಿಗೆ ಹೊರಮೈ ಕುಗ್ಗುತ್ತದೆ, ಮನೆಯ ಬಿಸಿಗೆ ಒಳಮೈ ಹಿಗ್ಗುತ್ತದೆ, ಗೋಡೆ ಒಳಕ್ಕೆ ಹೊಟ್ಟೆ ಬಿಡುತ್ತದೆ. ಬೇಸಿಗೆಯ ಬಿಸಿಲಿಗೆ ಅದೇ ಹೊಟ್ಟೆ ಹೊರಕ್ಕೆ. ಹೇಳಿ ಹೇಳಿ ಅವಳ ಬಾಯಿ ಸೋತಿದೆ, ಕೇಳಿ ಕೇಳಿ ನನಗೂ ಸಾಕಾಗಿದೆ.

ಇಷ್ಟಿದ್ದರೂ ಅವಳನ್ನು ಹೆಚ್ಚು ಗೋಳು ಹೊಯ್ದುಕೊಂಡದ್ದು ಊರಿನವರಲ್ಲ, ನನ್ನ ತಾಯಿ ದೆಜಿಡ್. ಅಮ್ಮ ಇರುವುದು ಅಣ್ಣ ಅತ್ತಿಗೆಯ ಜೊತೆ, ನಾನು ಅದೇ ಕಟ್ಟಡದ ಕೆಳಗಿನ ಮನೆಯಲ್ಲಿ. ಹಬ್ಬದ ದಿನ ಅವಳು ಕುರ್ಚಿ ಹಾಕಿ ಕೂರುವುದು ಪಡುವಣ ಗೋಡೆಯ ಮುಂದೆ. ನೆಂಟರೆಲ್ಲ ಸಾಲಾಗಿ ಬಂದು ಅಲ್ಲೇ ನಮಸ್ಕರಿಸಬೇಕು.

“ಊರ ಗೋಡೆ ಎಲ್ಲಾ ರಿಪೇರಿ ಮಾಡ್ತೀಯ. ನನ್ನ ಬೆನ್ನ ಹಿಂದಿರೋದು ಮಾತ್ರ ತುಂಬು ಬಸುರಿ ಥರ ನಿಂತಿದೆ. ಬಂದೋರು ನನ್ನ ನೋಡ್ತಾರೋ, ಅದನ್ನ ನೋಡ್ತಾರೋ?”

ಅತ್ತಿಗೆ ಒಂದು ನೆಟ್ಟನೆಯ ಹಲಗೆಯನ್ನು ಗೋಡೆಗೆ ಆನಿಸಿ ಹಿಡಿದಳು. ಹಲಗೆ ನಡುವೆ ಮಾತ್ರ ತಾಗಿತು. ಮೇಲ್ತುದಿಯ ಸಂದಿಗೆ ಅವಳು ಮಕ್ಕಳಾಡುವ ಕುರಿಮೂಳೆಯೊಂದನ್ನು ತೂರಿಸಿದಳು.

“ನೋಡಿ ಅಮ್ಮ, ಬೇಸಿಗೇಲಿ ಈ ಮೂಳೆ ಇಲ್ಲಿ ಹೋಗ್ತಾನೇ ಇರ್ಲಿಲ್ಲ. ಈಗ ಸಲೀಸಾಗಿ ಹೋಗ್ತಿದೆ. ಯಾವಾಗ್ಲೂ ಒಂದೇ ಥರ ಡೊಂಕಿದ್ದಿದ್ರೆ ನಾನೂ ಹೆದರ್ತಿದ್ದೆ. ಇದು ಓಡಾಡೋ ಗೋಡೆ. ಈಗ ಬಿಗಿದು ಕಟ್ಟಿದ್ರೆ ಬೇಸಿಗೇಲಿ ಕಿತ್ಕೊಂಡು ನಿಮ್ಮ ತಲೆ ಮೇಲೇ ಬೀಳುತ್ತೆ.”

“ನಾಳೆ ಅಂದೋನ ಮನೆ ಹಾಳು.”

“ಇವತ್ತೇ ಅಂದೋರ ಗೋಡೆ ಹಾಳು” ಎಂದು ಅತ್ತಿಗೆ ಕೆಲಸಕ್ಕೆ ಹೋದಳು.

ಅವಳು ಮೆಟ್ಟಿಲಿಳಿದದ್ದೇ ತಡ, ಅಮ್ಮ ನಮ್ಮ ಕಟ್ಟಡದ ಸಂಘದ ಮುಖ್ಯಸ್ಥ ದಾಂಬಾನನ್ನು ಕರೆಸಿದಳು. ಅವನ ಆಳುಗಳು ಜಾಕ್ ಇಟ್ಟು ಗೋಡೆಯ ಹೊಟ್ಟೆಯನ್ನು ಹೊರಕ್ಕೆ ತಳ್ಳಿದರು, ನೆಲದಿಂದ ಸೂರಿನವರೆಗೆ ಎರಡು ಕಬ್ಬಿಣದ ಕಂಬ ನಿಲ್ಲಿಸಿ ಗೋಡೆಗೆ ಬೋಲ್ಟ್ ಜಡಿದರು. ಬೇಡ ಎಂದು ನಾನು ಬಾಯಿ ತೆರೆದೆ. ಟೀ ಮಾಡಿಕೊಂಡು ಬಾ ಎಂದಳು ಅಮ್ಮ.

ಹಬ್ಬದಲ್ಲಿ ನೆಂಟರು ಗೋಡೆಯನ್ನು ಹೊಗಳಿದ್ದೇ ಹೊಗಳಿದ್ದು. ಅತ್ತಿಗೆ ಹಲ್ಲು ಕಚ್ಚಿಕೊಂಡು ಎಲ್ಲರಿಗೂ ಮಾಂಸದ ಕಡುಬು ಬಡಿಸಿದಳು. ಹಬ್ಬ ಮುಗಿದ ಮೇಲೆ ಬೋಲ್ಟ್ ಬಿಚ್ಚುತ್ತೇನೆಂದಳು.

“ನಾನು ಸತ್ಮೇಲೆ ಬಿಚ್ಚು.”

ಹಾಗೆ ಶುರುವಾಯಿತು ಕುರ್ಚಿ ಎಳೆದಾಟ. ಬಿಸಿಲು ಏರತೊಡಗಿದ ಮೇಲೆ ಅತ್ತಿಗೆ ದಿನಾ ಬೆಳಿಗ್ಗೆ ಅಮ್ಮನ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದಿಟ್ಟು ಹೋಗುವಳು. ಅವಳು ಮರೆಯಾದೊಡನೆ ಮುದುಕಿ ಅದನ್ನು ಗೋಡೆಯ ಬುಡಕ್ಕೇ ಎಳೆದು ತರುವಳು. ಇಬ್ಬರ ಮಧ್ಯೆ ಸಿಕ್ಕಿ ನನ್ನ ಜೀವ ಹಣ್ಣಾಯಿತು.

ಜೂನ್ ತಿಂಗಳ ಒಂದು ಮಧ್ಯಾಹ್ನ ಅಮ್ಮ ಕಿಟಕಿಯ ಬಳಿಯೇ ಕೂತು ತೂಕಡಿಸಿಬಿಟ್ಟಿದ್ದಳು. ಎಚ್ಚರವಾಗಿ, ಬೈದುಕೊಳ್ಳುತ್ತಾ ಕುರ್ಚಿ ಎಳೆಯಲು ಎದ್ದಳು. ಗೋಡೆ ಢಬ್ಬೆಂದಿತು. ಬೋಲ್ಟಿನ ಸಮೇತ ತಲೆಗಾತ್ರದ ಕಾಂಕ್ರೀಟ್ ಕಿತ್ತುಬಂದು ಅವಳು ದಿನಾ ಕೂರುವ ಜಾಗಕ್ಕೇ ಬಿತ್ತು. ನಾನು ಕೆಳಗಿನ ಮನೆಯಿಂದ ಓಡಿ ಬಂದಾಗ ಅಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಳು.

ಅತ್ತಿಗೆ ಬಂದು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಆ ಕಾಂಕ್ರೀಟ್ ಚೂರುಗಳ ನಡುವೆ ಕುಸಿದು ಕೂತು ಅತ್ತಳು. ಅದರಲ್ಲಿ ಭಯಕ್ಕಿಂತ ಸಿಟ್ಟೇ ಹೆಚ್ಚಿತ್ತು.

“ಅಳ್ಬೇಡ, ಬಿಚ್ಚಿಹಾಕು” ಎಂದಳು ಅಮ್ಮ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೊಸೆಯ ಕಾಲ ಸೆಪ್ಟೆಂಬರಿನಲ್ಲಿ ಬಂತು. ಅತಿ ಬಿಸಿಲೂ ಇಲ್ಲದ, ಅತಿ ಚಳಿಯೂ ಇಲ್ಲದ ಆ ದಿನಗಳಲ್ಲಿ ಅವಳು ಒಡೆದದ್ದನ್ನು ಮುಚ್ಚಿದಳು, ಸಂದುಗಳಿಗೆ ರಬ್ಬರಿನಂತೆ ಎಳೆದರೆ ಹಿಗ್ಗುವ ಮೆತ್ತನೆಯ ಅಂಟು ತುಂಬಿದಳು. ಬಿಚ್ಚಿದ ಕಂಬಗಳನ್ನು ಮತ್ತೆ ನಿಲ್ಲಿಸಲಿಲ್ಲ.

ಮತ್ತೆ ಬಿಳಿ ತಿಂಗಳು ಬಂತು. ದಾಂಬಾ ಅಮ್ಮನಿಗೆ ನಮಸ್ಕರಿಸಿ, ಅವಳ ಬೆನ್ನ ಹಿಂದೆ ನೋಡಿ ನಕ್ಕ.

“ಏನಜ್ಜಿ, ಅಷ್ಟು ದಿನ ಕೆಲ್ಸ ಮಾಡಿಸಿದ್ರಿ, ಗೋಡೆ ಇನ್ನೂ ಡೊಂಕಾಗೇ ಇದೆ?”

ಅಮ್ಮ ಎದ್ದು ಹಲಗೆ ತಂದು ಗೋಡೆಗೆ ಆನಿಸಿದಳು. ಅಂಗಿಯ ಉದ್ದ ತೋಳಿನೊಳಗಿಂದ ಕುರಿಮೂಳೆ ತೆಗೆದು ಸಂದಿಗೆ ತೂರಿಸಿದಳು.

“ಬೇಕಂತ್ಲೇ ಬಿಟ್ಟಿದ್ದಾಳೆ ನನ್ನ ಸೊಸೆ” ಎಂದಳು. “ನೆಟ್ಟಗೆ ಮಾಡೋಕೆ ಹೋದ್ರೆ ಕೈ ಮುರೀತೀನಿ.”