ಚಿಯಾ ಪುಡಿಂಗಿನ ನಾಗಲಕ್ಷ್ಮಿ

ಮಡಕೆಯ ಬಾಯಿಗೆ ಮುಚ್ಚಿದ್ದ ತಟ್ಟೆ ತೆಗೆದ ಕೂಡಲೇ ನಾಗಲಕ್ಷ್ಮಿ ಮಾಡುವ ಮೊದಲ ಕೆಲಸ, ಮಡಕೆಯನ್ನು ಮೆಲ್ಲಗೆ ಒಂದು ಕಡೆಗೆ ವಾಲಿಸುವುದು. ಒಳಗಿನದು ನೀರಿನ ಹಾಗೆ ಓಡಿ ಬಂದರೆ ಇನ್ನೂ ಕಾಯಬೇಕು. ಕದಲದೆ ಕೂತರೆ ಬೀಜ ಹೆಚ್ಚಾಗಿದೆ. ನಿದ್ದೆಗಣ್ಣಿನ ಮಗು ಮಗ್ಗುಲು ಬದಲಿಸಿದ ಹಾಗೆ ಅಲುಗಿದರೆ ಸರಿ.

ಇವತ್ತು ಹಾಗೇ ಅಲುಗುತ್ತದೆ. ಹೊರಗೆ ಇನ್ನೂ ಮಬ್ಬುಗತ್ತಲೆ. ಸೌಟಿನ ತುದಿಯಲ್ಲಿ ಚೂರು ಎತ್ತಿ ಅವರು ಬಲ್ಬಿನ ಬೆಳಕಿಗೆ ಹಿಡಿಯುತ್ತಾರೆ. ಬೆಲ್ಲದ ಬಣ್ಣಕ್ಕೆ ತಿರುಗಿದ ತೆಂಗಿನ ಹಾಲಿನಲ್ಲಿ ಒಂದೊಂದು ಕಾಳಿನ ಸುತ್ತಲೂ ತಿಳಿಯಾದ ಗುಳ್ಳೆ ಕಟ್ಟಿಕೊಂಡಿದೆ. "ನೋಡಿ, ಒಂದಕ್ಕೊಂದು ಅಂಟ್ಕೊಂಡಿಲ್ಲ. ಅಂಟ್ಕೊಂಡ್ರೆ ತಿನ್ನೋರ ನಾಲ್ಗೆಗೆ ಗಂಟು ಸಿಕ್ತದೆ. ಬೀಜ ಆಕ್ದಾಗ ಒಂದ್ಸಲ ಕಲಕ್ಬೇಕು, ಉಬ್ಬೋಕೆ ಸುರು ಆದ್ಮೇಲೆ ಇನ್ನೊಂದ್ಸಲ. ಎರಡ್ನೇದು ಮರ್ತ್ರೆ ಕೆಟ್ಟೋಯ್ತು."

ಗಂಡ ಭೀಮ ಗಾರೆ ಕೆಲಸಕ್ಕೆ ಹೋಗುವವರು. ಹೊರಡುವ ಮುಂಚೆ ನಾಳೆಯ ಕಾಯಿ ತುರಿದಿಟ್ಟೇ ಹೋಗಬೇಕೆಂಬುದು ಮನೆಯ ಕಾನೂನು. ತುರಿಮಣೆಯ ಮೇಲೆ ಕೂತ ಅವರು ತಲೆ ಎತ್ತದೆ, "ಮದ್ವೆ ಆದಾಗ ಅಡ್ಗೆ ಬರ್ತದಾ ಅಂತ ಕೇಳಿದ್ದೆ. ಇಂಗೆಲ್ಲಾ ಬರ್ತದೆ ಅಂತ ಯಾರೂ ಏಳ್ಲಿಲ್ಲ" ಎನ್ನುತ್ತಾರೆ. ನಾಗಲಕ್ಷ್ಮಿ ನಗುವುದಿಲ್ಲ. ಈ ಮಾತು ದಿನವೂ ಇರುವುದೇ.

ಊರು ದಂಡಿಗನಹಳ್ಳಿಯಿಂದ ಸ್ವಲ್ಪ ಒಳಗಿದೆ. ಮೇಲಿನ ಬೀದಿ, ಕೆಳಗಿನ ಕೇರಿ ಎಂದು ಎರಡು ಭಾಗ, ನಡುವೆ ಒಂದು ಹುಣಸೆಮರ. ನಾಗಲಕ್ಷ್ಮಿಯ ಮನೆ ಕೆಳಗಿನ ಕೇರಿಯಲ್ಲಿದೆ. ಗೋಡೆಯ ಗೂಡಿನಲ್ಲಿ ಬುದ್ಧನ ಪಟ, ಅದರ ಕೆಳಗೆ ಒದ್ದೆ ಮರಳಿನ ಹಾಸಿನ ಮೇಲೆ ಮಡಕೆಗಳು. ಫ್ರಿಜ್ ಇಲ್ಲ. ಒಂದರಲ್ಲಿ ತೆಂಗಿನ ಹಾಲಿನದು, ಇನ್ನೊಂದರಲ್ಲಿ ರಾಗಿ ಹಾಲಿನದು. ಹಲಸಿನ ಕಾಲದಲ್ಲಿ ಮೂರನೆಯದೊಂದು ಸೇರಿಕೊಳ್ಳುತ್ತದೆ. ರಾಗಿ ನೆನೆಸಿ, ರುಬ್ಬಿ, ಸೋಸಿ, ಆ ಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಆರಿದ ಮೇಲೆ ಬೆಲ್ಲ, ಏಲಕ್ಕಿ, ಚಿಯಾ. ಹಾಲುಬಾಯಿಯಂಥ ಸಿಹಿ ಮಾಡುವ ಕೈಗೆ ಇದು ದೂರದ ಅಡುಗೆಯಲ್ಲ. ಬೀಜ ಮಾತ್ರ ಹೊಸದು.

ಆ ಬೀಜ ಇವರ ಕೈಗೆ ಬಂದದ್ದು ಮೇಲಿನ ಬೀದಿಯ ತಿಮ್ಮಪ್ಪನವರ ಹೊಲದಿಂದ. ಮೂರ್ನಾಲ್ಕು ವರ್ಷದ ಹಿಂದೆ ತಿಮ್ಮಪ್ಪ ರಾಗಿ ಬಿಟ್ಟು ಒಂದು ತಾಕಿನಲ್ಲಿ ಚಿಯಾ ಹಾಕಿದ್ದರು. ಕಳೆ ಕೀಳಲು ಹೋದ ನಾಗಲಕ್ಷ್ಮಿಗೆ ಗಿಡದ ಮೇಲೇ ಕಣ್ಣು. ತುಳಸಿಯ ಹಾಗೆ ತೆನೆ, ನೀಲಿ ಹೂ, ಜೋಳದ ಗಿಡಕ್ಕಿಂತ ಗಿಡ್ಡ. ಇದನ್ನು ತಿನ್ನುತ್ತಾರಾ, ಹಚ್ಚಿಕೊಳ್ಳುತ್ತಾರಾ, ಪೂಜೆಗಾ ಎಂದು ಕೇಳಿದರೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. "ಮೈ ಕರಗ್ಸೋರು ತಿಂತಾರಂತೆ ಕಣಮ್ಮಿ, ನಿನಗ್ಯಾಕೆ" ಎಂದಿದ್ದರು ತಿಮ್ಮಪ್ಪ.

ಒಕ್ಕಣೆಯ ದಿನ ಕಣದಲ್ಲಿ ಉಳಿದ ಬೀಜವನ್ನು ಕೇಳಿ ಪಡೆದು ಸೆರಗಿನ ತುದಿಗೆ ಕಟ್ಟಿಕೊಂಡರು. ದಾರಿಯಲ್ಲಿ ತೊಂಬೆ ನಲ್ಲಿಯ ಹತ್ತಿರ ಕೈಕಾಲು ತೊಳೆಯುವಾಗ ಸೆರಗು ನೆನೆಯಿತು. ಮನೆಗೆ ಬಂದು ಗಂಟು ಬಿಚ್ಚಿದರೆ ಒಳಗೆ ಬೀಜವಿಲ್ಲ, ಲೋಳೆ. ಭೀಮ ಬಗ್ಗಿ ನೋಡಿ, "ಕಪ್ಪೆಮೊಟ್ಟೆ ಯಾಕೆ ತಂದೆ?" ಎಂದರು.

ಬೇರೆಯವರಾಗಿದ್ದರೆ ಕೊಡವಿ ಎಸೆಯುತ್ತಿದ್ದರು. ನಾಗಲಕ್ಷ್ಮಿ ಒಂದು ಬಟ್ಟಲಿಗೆ ಹಾಕಿಟ್ಟು ಪಕ್ಕದಲ್ಲೇ ಕೂತರು. "ಒಣಗಿದ್ ಕಾಳು ಅಷ್ಟೊಂದು ನೀರ ಎಲ್ಲಿ ಮಡಿಕ್ಕೊಂತು ಅಂತ ನನಗೆ ತಲೆ ಕೆಟ್ಟೋಯ್ತು. ನೀರಲ್ಲಿ ಆಕ್ದೆ, ಮಜ್ಜಿಗೇಲಿ ಆಕ್ದೆ, ಸಾರಲ್ಲೂ ಆಕ್ದೆ. ಸಾರು ಮಾತ್ರ ಯಾರೂ ಉಣ್ಲಿಲ್ಲ." ಬಿಸಿ ಹಾಲಿಗೆ ಬೆಲ್ಲ ಹಾಕಿ ಒಡೆಸಿದ್ದೂ ಆಯಿತು. ನೆನೆಯದ ಬೀಜ ಬಾಯಿಗೆ ಹಾಕಿ, ಅದು ಗಂಟಲಲ್ಲೇ ಉಬ್ಬಿ, ಕೆಮ್ಮಿ ಕೆಮ್ಮಿ ಕಣ್ಣೀರು ಬಂದದ್ದೂ ಆಯಿತು. ಅಂದಿನಿಂದ ಪೂರಾ ನೆನೆಯದ ಮಡಕೆಯಿಂದ ಒಂದು ಚಮಚವೂ ಹೊರಗೆ ಹೋಗುವುದಿಲ್ಲ. ಕೊನೆಗೆ ತೆಂಗಿನ ಹಾಲು ಒಪ್ಪಿಕೊಂಡಿತು. ಮಾಗಿದ ಪುಟ್ಟಬಾಳೆ ಕಿವುಚಿ ಸೇರಿಸಿದ ದಿನ ಭೀಮ ಎರಡನೇ ಸಲ ಹಾಕಿಸಿಕೊಂಡರು. ಹೆಸರೇನು ಎಂದು ಗೊತ್ತಿರಲಿಲ್ಲ. ಪುಡಿಂಗ್ ಎನ್ನುತ್ತಾರೆ ಎಂದು ಹೇಳಿಕೊಟ್ಟವಳು ತಿಮ್ಮಪ್ಪನ ಮಗಳು ರೂಪಶ್ರೀ. ಚನ್ನರಾಯಪಟ್ಟಣದ ಸೊಸೈಟಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ.

ಈಗ ಮೊದಲ ಬಸ್ಸಿಗೆ ಚನ್ನರಾಯಪಟ್ಟಣ. ಸ್ಟೀಲ್ ಕ್ಯಾನುಗಳಿಗೆ ಒದ್ದೆ ಗೋಣಿತಾಟು ಸುತ್ತಿ, ಮುತ್ತುಗದ ದೊನ್ನೆಗಳ ಕಟ್ಟು ಹಿಡಿದು, ಬೆಳಗಿನ ವಾಕಿಂಗಿನವರು ಬರುವ ಮೈದಾನದ ಗೇಟಿನಲ್ಲಿ ನಿಲ್ಲುತ್ತಾರೆ. ಒಳ್ಳೆಯ ದಿನ ನಲವತ್ತು ಐವತ್ತು ದೊನ್ನೆ ಖಾಲಿ. ಹಾಸನಕ್ಕೆ ಹೋಗುವ ಮೇಷ್ಟ್ರುಗಳು ಡಬ್ಬಿ ತಂದು ತುಂಬಿಸಿಕೊಳ್ಳುತ್ತಾರೆ. "ಇದು ಕಾಮಕಸ್ತೂರಿನಾ?" ಎಂದು ದಿನಕ್ಕೆ ಹತ್ತು ಜನ ಕೇಳುತ್ತಾರೆ. ಹತ್ತು ಜನಕ್ಕೂ ಅವರು ಬೀಜವನ್ನು ಅಂಗೈಯಲ್ಲಿ ತೋರಿಸುತ್ತಾರೆ. ಯಾವ ಊರು, ಯಾರ ಪೈಕಿ ಎಂದು ಕೇಳಿದವರು ಕಡಿಮೆ.

ಊರಲ್ಲಿ ಹಾಗಿರಲಿಲ್ಲ. ಶುರುವಿನಲ್ಲಿ ಒಂದು ಡಬ್ಬಿ ತುಂಬ ತಿಮ್ಮಪ್ಪನವರ ಮನೆಗೆ ಒಯ್ದಿದ್ದರು. ಅವರದೇ ಹೊಲದ ಬೀಜ ಎಂಬ ಸಲಿಗೆ. "ನಮ್ಮನೇಲಿ ಯಾರೂ ಸಿಹಿ ತಿನ್ನಲ್ಲ ಕಣಮ್ಮಿ" ಎಂದರು ತಿಮ್ಮಪ್ಪ. ಜಗುಲಿಯ ಮೇಲೆ ಒಣಗಲು ಹಾಕಿದ್ದ ಕಜ್ಜಾಯದ ಅಕ್ಕಿಯನ್ನು ನೋಡಿಕೊಂಡೇ ನಾಗಲಕ್ಷ್ಮಿ ವಾಪಸ್ ಬಂದರು.

ಅದೇ ಮನೆಯ ಹಿರಿಯಜ್ಜಿ, ತಿಮ್ಮಪ್ಪನ ತಾಯಿ ಬೆಟ್ಟಮ್ಮ, ಕಳೆದ ಮಳೆಗಾಲದಲ್ಲಿ ಜ್ವರ ಬಂದು ಮಲಗಿದರು. ಜ್ವರ ಬಿಟ್ಟರೂ ಊಟ ಸೇರಲಿಲ್ಲ. ಹಲ್ಲಿಲ್ಲ, ಬಾಯೆಲ್ಲ ಹುಣ್ಣು, ಗಂಜಿ ಕಂಡರೆ ಮುಖ ತಿರುವುತ್ತಿದ್ದರು. ರೂಪಶ್ರೀ ಒಂದು ಸಂಜೆ, ಬೆಳಿಗ್ಗೆ ಮೈದಾನದ ಗೇಟಿನಲ್ಲಿ ಕೊಂಡಿದ್ದ ಪುಡಿಂಗನ್ನು ಮನೆಯ ಬೆಳ್ಳಿ ಬಟ್ಟಲಿಗೆ ಸುರಿದು ಕೊಟ್ಟಳು. ಅಜ್ಜಿ ಬಟ್ಟಲು ಬಳಿದು ತಿಂದರು. ಮರುದಿನವೂ ಕೇಳಿದರು. ಎಲ್ಲಿಯದು ಎಂದರೆ ರೂಪಶ್ರೀಯದು ಒಂದೇ ಉತ್ತರ, "ಪ್ಯಾಟೇದು ಅಜ್ಜಿ."

ತಿಂಗಳೊಂದು ಹೀಗೇ ನಡೆಯಿತು. ಅಜ್ಜಿ ಎದ್ದು ಕೂತರು, ಕೋಲು ಹಿಡಿದು ಅಂಗಳಕ್ಕೆ ಬಂದರು. ಆಮೇಲೆ ರೂಪಶ್ರೀ ತರಬೇತಿಗೆಂದು ಹಾಸನಕ್ಕೆ ಹೋಗಬೇಕಾಯಿತು. ಪುಡಿಂಗ್ ಇಲ್ಲದೆ ಅಜ್ಜಿ ಹಟ ಹಿಡಿದರು. ಪೇಟೆಯ ಯಾವ ಅಂಗಡಿ ಎಂದು ತಿಮ್ಮಪ್ಪ ಫೋನಿನಲ್ಲಿ ಕೇಳಿದಾಗ ರೂಪಶ್ರೀ ಸುಳ್ಳು ಮುಂದುವರಿಸಲಿಲ್ಲ.

ಆ ಸಂಜೆ ರೂಪಶ್ರೀ ನಾಗಲಕ್ಷ್ಮಿಗೂ ಫೋನ್ ಮಾಡಿ, "ಮನೇಲಿ ಹೇಳ್ಬಿಟ್ಟೆ, ಅಪ್ಪ ಮಾತಾಡ್ತಿಲ್ಲ" ಎಂದಳು. ನಾಗಲಕ್ಷ್ಮಿಗೆ ಬೀಜ ಬರುವುದು ಅದೇ ಹೊಲದಿಂದ, ಕೂಲಿ ಸಿಗುವುದೂ ಅಲ್ಲೇ. ಕೇರಿಯ ಇತರ ಹೆಂಗಸರೂ ಅದೇ ಹೊಲಕ್ಕೆ ಹೋಗುತ್ತಾರೆ. "ಮೋಸ ಮಾಡಿ ತಿನ್ನಿಸ್ಬುಟ್ಲು ಅಂದ್ರೆ ಏನ್ ಏಳಾದು? ನಾನು ಯಾರ ಕಣ್ಣಿಗೂ ಬಟ್ಟೆ ಕಟ್ಟಿರ್ಲಿಲ್ಲ. ಆದ್ರೆ ಕೇಳೋರು ಯಾರು." ಮೇಲಿನ ಬೀದಿಯಿಂದ ಯಾರೂ ಬರಲಿಲ್ಲ, ಯಾರೂ ಕರೆಯಲಿಲ್ಲ. ಆ ಸುಮ್ಮನಿರುವಿಕೆಯೇ ಹೆಚ್ಚು ಹೆದರಿಸಿತು.

ಕೆಲವು ದಿನ ಕಳೆದು, ಒಂದು ಇಳಿಹೊತ್ತು, ಬೆಟ್ಟಮ್ಮ ಕೋಲೂರಿಕೊಂಡು ಹುಣಸೆಮರ ದಾಟಿ ಬಂದರು. ಸೊಸೆಯಾಗಿ ಆ ಊರಿಗೆ ಬಂದ ಮೇಲೆ ಅವರು ಕೆಳಗಿನ ಕೇರಿಗೆ ಕಾಲಿಟ್ಟದ್ದನ್ನು ಕಂಡವರಿಲ್ಲ. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ ಅವರು ಕೇಳಿದ್ದು ಇಷ್ಟು: "ಆ ಬೀಜ ಅದ್ಯಾಕೆ ಅಂಗೆ ಉಬ್ತದೆ? ತಿಮ್ಮಪ್ಪಂಗೆ ಗೊತ್ತಿಲ್ಲ. ನೀನು ತೋರ್ಸು."

ನಾಗಲಕ್ಷ್ಮಿ ಚಾಪೆ ಹಾಸಿದರು. ಗಾಜಿನ ಲೋಟಕ್ಕೆ ನೀರು ತುಂಬಿ, ಒಂದು ಚಿಟಿಕೆ ಬೀಜ ಉದುರಿಸಿದರು. ಇಬ್ಬರೂ ಲೋಟದ ಎರಡು ಬದಿಗೆ ಕೂತು ನೋಡಿದರು. ಮೊದಲು ಏನೂ ಆಗುವುದಿಲ್ಲ. ಆಮೇಲೆ ಕಾಳಿನ ಸುತ್ತ ಮಂಜಿನಂಥ ಅಂಚು ಮೂಡುತ್ತದೆ. ಅಜ್ಜಿ ಕಣ್ಣು ಕಿರಿದು ಮಾಡಿ, "ಬೆಳೀತಾ ಅದೆ ಕಣೇ" ಎಂದರು. ನಾಗಲಕ್ಷ್ಮಿ ಎರಡನೇ ಸಲ ಕಲಕಿ ತೋರಿಸಿದರು.

ಅಜ್ಜಿ ಎದ್ದು ಹೋಗುವ ಲಕ್ಷಣ ಕಾಣಲಿಲ್ಲ. ಮಡಕೆಯಲ್ಲಿ ರಾಗಿ ಪುಡಿಂಗ್ ಸಿದ್ಧವಿತ್ತು. "ನಿಮ್ಮನೆಯಿಂದ ಬಟ್ಲು ತರ್ಸ್ಲಾ ಅವ್ವಾ?" ಎಂದು ಕೇಳಿದರು ನಾಗಲಕ್ಷ್ಮಿ.

"ಯಾಕೆ, ತೊಳ್ದಿರೋ ಬಟ್ಲು ನಿಮ್ಮನೇಲಿಲ್ವಾ?"

ಅಜ್ಜಿ ತಿಂದರು. ತಿಂದ ಬಟ್ಟಲನ್ನು ಪಕ್ಕಕ್ಕಿಟ್ಟು, ಕೋಲು ಹುಡುಕಿಕೊಂಡು ಹೋದರು.

ಆ ದಿನ ಖುಷಿಯಾಯಿತೇ ಎಂದರೆ ನಾಗಲಕ್ಷ್ಮಿ ಉತ್ತರಿಸುತ್ತಾರೆ. "ಬರೀ ಖುಷಿ ಅಂದ್ರೆ ಸುಳ್ಳಾಗ್ತದೆ. ಆವಮ್ಮನ ಇತ್ತಲಲ್ಲಿ ನಾನು ಬೊಗ್ಸೇಲಿ ನೀರು ಕುಡ್ದೋಳು. ಕೊಡ ಎತ್ತಿ ಮೇಲಿಂದ ಉಯ್ತಿದ್ದೋರು ಅವ್ರೇಯಾ. ಬಟ್ಲು ತೊಳೀತಾ ಸಿಟ್ಟು ಬಂತು. ಆಮ್ಯಾಕೆ, ಅಷ್ಟು ದೂರ ನಡ್ಕೊಂಡು ಬಂದ್ರಲ್ಲಾ ಅಂತಾನೂ ಅನ್ಸ್ತು. ಎರಡೂ ಒಟ್ಗೇ ಇತ್ತು."

ತಿಮ್ಮಪ್ಪ ಈಗಲೂ ತಿನ್ನುವುದಿಲ್ಲ. ಬೀಜ ಕೊಡುವುದನ್ನೂ ನಿಲ್ಲಿಸಿಲ್ಲ. ಆ ಬಗ್ಗೆ ಅವರೊಂದಿಗೆ ಯಾರೂ ಮಾತೆತ್ತುವುದಿಲ್ಲ. ರೂಪಶ್ರೀ ಹುಣಸೆಮರದ ಕೆಳಗೇ ಸ್ಕೂಟಿ ನಿಲ್ಲಿಸಿ, ಎಲ್ಲರಿಗೂ ಕಾಣುವ ಹಾಗೆ ಡಬ್ಬಿ ತುಂಬಿಸಿಕೊಳ್ಳುತ್ತಾಳೆ. ಮೇಲಿನ ಬೀದಿಯ ಇನ್ನೆರಡು ಮನೆಯವರು ಕೇಳಿ ಕಳಿಸಿದ್ದಾರೆ, ಒಬ್ಬರು ಕತ್ತಲಾದ ಮೇಲೆ.

ಬಸ್ಸಿನ ಸದ್ದು ಕೇಳಿ ನಾಗಲಕ್ಷ್ಮಿ ಕ್ಯಾನಿನ ಮುಚ್ಚಳ ಬಿಗಿಮಾಡುತ್ತಾರೆ. ಅಂಗಡಿ ಹಾಕುವ ಆಸೆಯಿದೆಯೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಆಸೆ ಬೇರೆಯಿದೆ. ಊರಲ್ಲಿ ಒಂದು ಮದುವೆ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತಿರಬೇಕು, ಸಿಹಿ ಇವರದಿರಬೇಕು.

"ಗುಟ್ಟಾಗಿ ಬ್ಯಾಡ. ಬಡ್ಸೋರು ಎಲೆಎಲೆಗೂ ನಿಂತ್ಕೊಂಡು ಏಳ್ಬೇಕು, ಇದು ನಾಗಲಕ್ಷ್ಮಿ ಮಾಡಿದ್ದು ಅಂತ. ಅದ ಕೇಳಿದ್ ಮ್ಯಾಲೂ ಒಬ್ರೂ ಎಲೆ ಬುಟ್ಟು ಏಳ್ಬಾರ್ದು. ಇನ್ನೊಂದ್ ಚೂರು ಬಡ್ಸಿ ಅನ್ಬೇಕು."