ನಾಕಾದಾಚೆಗೊಂದು ಚೊಚ್ಚಲ ಹೆರಿಗೆ

ಕೊರೊನಾ ಕಾಲದಲ್ಲಿ ಸರಕಾರ ಹಣೆಗೆ ಹಿಡಿದು ಜ್ವರ ನೋಡುವ ಗನ್ನೊಂದನ್ನು ನನ್ನ ಕೈಗೆ ಕೊಟ್ಟು, ಕಾಗವಾಡದ ಗಡಿ ತಪಾಸಣೆಯ ನಾಕಾದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿತು. ಶಾಲೆ ಬಂದ್ ಆಗಿತ್ತು. ಮಾಸ್ತರರು ಖಾಲಿ ಇದ್ದಾರೆಂದು ಯಾರಿಗೋ ಹೊಳೆದಿರಬೇಕು. ಮಹಾರಾಷ್ಟ್ರದ ರೋಗ ಒಳಗೆ ಬರದಂತೆ ತಡೆಯುವುದು ನನ್ನ ಕೆಲಸ. ಕೂಗಳತೆಯಲ್ಲಿ ಅವರದೂ ಒಂದು ನಾಕಾ. ಕರ್ನಾಟಕದ ರೋಗವನ್ನು ತಡೆಯಲು ಅಲ್ಲೂ ಒಬ್ಬ ಕುಳಿತಿದ್ದ. ದಿನವಿಡೀ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದೆವು. ಹಾಲು, ತರಕಾರಿಯ ಗಾಡಿಗಳಿಗೆ ಮಾತ್ರ ಎರಡೂ ಕಡೆ ಮುಕ್ತದ್ವಾರ. ಅವುಗಳ ಡ್ರೈವರುಗಳು ನನ್ನ ಕುರ್ಚಿಯ ಪಕ್ಕ ನಿಂತು, ಮಾಸ್ಕ್ ಗದ್ದಕ್ಕಿಳಿಸಿ, ಚಹಾ ಕುಡಿಯುತ್ತ ಎರಡೂ ರಾಜ್ಯಗಳ ಸುದ್ದಿ ಹೇಳುತ್ತಿದ್ದರು.

ನನ್ನ ತಂಗಿಯನ್ನು ಗಡಿಯಾಚೆಯ ಮಿರಜಕ್ಕೆ ಕೊಟ್ಟಿದ್ದೆವು. ಅವಳಿಗೆ ಆಗ ದಿನ ತುಂಬುತ್ತ ಬಂದಿತ್ತು. ಚೊಚ್ಚಲ ಹೆರಿಗೆ ತವರಿನದು, ಅಂದರೆ ಐನಾಪುರದ ನಮ್ಮ ಮನೆಯದು. ಆದರೆ ನಮ್ಮ ಮನೆಯವರಿಗೆ ಅಜ್ಜನ ಕಾಲದಿಂದ ಹಲ್ಲುನೋವಿಗೂ ಮಿರಜದ ದವಾಖಾನೆಯೇ ಆಗಬೇಕು. ಈಚೆಯ ಅಥಣಿಯ ದವಾಖಾನೆಯ ಹೆಸರೆತ್ತಿದರೆ ಅವ್ವ ಮುಖ ಸಿಂಡರಿಸುತ್ತಾಳೆ. ಹೀಗಾಗಿ ದವಾಖಾನೆಯ ಹಿಂದಿನ ಓಣಿಯಲ್ಲೇ ಇದ್ದ ಬಸುರಿಯನ್ನು ಗಡಿ ದಾಟಿಸಿ ತವರಿಗೆ ತರಬೇಕು, ನೋವು ಕಾಣಿಸಿದ ಮೇಲೆ ಮತ್ತೆ ಗಡಿ ದಾಟಿಸಿ ಅದೇ ದವಾಖಾನೆಗೆ ಒಯ್ಯಬೇಕು. ಇದರಲ್ಲಿ ತಪ್ಪೇನಿದೆ ಎಂದು ಅವ್ವ ಈಗಲೂ ಕೇಳುತ್ತಾಳೆ.

"ಆಕಿ ಅಲ್ಲೇ ಇರಲಿ ಬೇ. ದವಾಖಾನಿ ಮಗ್ಗಲಾಗ ಐತಿ," ಎಂದೆ.

"ಬೀಗರು ಏನಂದಾರು? ತವರವ್ರು ಸತ್ತಾರೇನು ಅಂತಾರ. ಊರಿಗೆ ಉಪಕಾರಿ, ಮನಿಗೆ ಮಾರಿ ಆಗಬ್ಯಾಡ ನೀ."

ತಂಗಿಯಾದರೂ ನಿಯಮ ನಿಯಮವೇ ಎಂದು ಗುಡುಗಿ ನಾಕಾಕ್ಕೆ ಹೋದೆ. ಅಂದು ಒಂದು ನರಪಿಳ್ಳೆಯನ್ನೂ ಬಿಡಲಿಲ್ಲ. ಸಂಜೆ ಮನೆಗೆ ಬಂದರೆ ತಂಗಿ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಶೇಂಗಾ ಹೋಳಿಗೆ ತಿನ್ನುತ್ತಿದ್ದಾಳೆ! ಗಂಡ ಅವಳನ್ನು ಕಬ್ಬಿನ ಹೊಲಗಳ ನಡುವಿನ ಗಾಡಿದಾರಿಯಲ್ಲಿ ಕಾರು ಓಡಿಸಿಕೊಂಡು ಬಂದು ಬಿಟ್ಟು ಹೋಗಿದ್ದ.

"ಅಣ್ಣಾ, ನಿಮ್ಮ ನಾಕಾದಿಂದ ಭಾಳ ಚೊಲೊ ಆತು ನೋಡು. ಎಲ್ಲಾರೂ ಅಲ್ಲೇ ಪಾಳಿ ಹಚ್ಚಿದ್ರು, ಹೊಲದ ದಾರಿ ಖಾಲಿ ಇತ್ತು."

ಮೈಯೆಲ್ಲ ಉರಿದುಹೋಯಿತು. ಗನ್ನು ಅವಳ ಹಣೆಗೆ ಹಿಡಿದೆ, ಜ್ವರವಿರಲಿಲ್ಲ. ಅವಳಿಗೆ ಬೇರೆ ಕೋಣೆ ಕೊಟ್ಟು, ನೋಡಲು ಬರುವ ಓಣಿಯ ಹೆಂಗಸರು ಒಳಗೆ ಕಾಲಿಡಬಾರದೆಂದು ತಲಬಾಗಿಲಿಗೆ ಹಗ್ಗ ಕಟ್ಟಿದೆ. ಅವಳ ಊಟದ ತಾಟನ್ನು ನಾನೇ ಒಯ್ಯುತ್ತಿದ್ದೆ, ಡ್ಯೂಟಿ ಮುಗಿಸಿ ಬಂದು ಅವಳೊಂದಿಗೆ ಹರಟುತ್ತ ಕೂರುತ್ತಿದ್ದೆ. ಮನೆಯಲ್ಲಿ ರೋಗದ ಬಗ್ಗೆ ತಿಳಿದವನು ನಾನೊಬ್ಬನೇ ತಾನೇ.

ಒಂದು ಮಧ್ಯಾಹ್ನ ನೋವು ಶುರುವಾಯಿತು. ಹಿಂದಿನ ದಿನ ಮಳೆ ಬಿದ್ದು ಹೊಲದ ದಾರಿ ಕೆಸರಾಗಿತ್ತು. ನಾಕಾದ ಮೇಲೆಯೇ ಹೋಗಬೇಕು. ಪಕ್ಕದ ಮನೆಯವರು ಕಾರು ತೆಗೆದರು. ಅವ್ವ ಮುಂದೆ ಕುಳಿತಳು, ಹಿಂದಿನ ಸೀಟಿನಲ್ಲಿ ತಂಗಿಯ ತಲೆ ನನ್ನ ತೊಡೆಯ ಮೇಲಿತ್ತು. "ಲಗೂನ ಹೋಗ್ರಿ ಮಾಸ್ತರ್ರ" ಎಂದು ನಮ್ಮ ಕಡೆಯ ಪೊಲೀಸರು ಅಡ್ಡಗಟ್ಟು ಸರಿಸಿದರು. ಆ ಕಡೆಯವನು ಕಾರ್ಡು ಕೇಳಿದ. ತಂಗಿಯ ಆಧಾರಿನಲ್ಲಿ ಮಿರಜದ ವಿಳಾಸವಿತ್ತು, ನಮ್ಮದರಲ್ಲಿ ಐನಾಪುರದ್ದು.

"ಫಕ್ತ ಪೇಶಂಟ್. ಬಾಕಿ ಸಗಳೇ ಪರತ," ಎಂದ. ಅವಳೊಬ್ಬಳೇ ಮುಂದಕ್ಕೆ, ಉಳಿದವರೆಲ್ಲ ವಾಪಸ್. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಮಾತನ್ನು ಆ ಪುಣ್ಯಾತ್ಮ ಕಾರ್ಡು ನೋಡಿ ಜಾರಿಗೆ ತಂದ. ಅವ್ವ ತನಗೆ ಬರುವ ಮರಾಠಿಯಲ್ಲೆಲ್ಲ ಬೇಡಿಕೊಂಡಳು. ಫೋನು ಮಾಡಿದ್ದರಿಂದ ತಂಗಿಯ ಗಂಡ ತನ್ನ ತಾಯಿಯೊಂದಿಗೆ ಆಚೆ ಕಾರು ತಂದು ನಿಂತಿದ್ದ. ನಾವು ತಂಗಿಯನ್ನು ಅಡ್ಡಗಟ್ಟಿನ ಸಂದಿಯಿಂದ ದಾಟಿಸಿದೆವು. ಅವಳು ತಿರುಗಿ ತಿರುಗಿ ಅವ್ವನನ್ನೇ ನೋಡುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.

ಅವ್ವ ಮನೆಗೆ ಬರಲೊಲ್ಲಳು. ನನ್ನ ಕುರ್ಚಿಯ ಮೇಲೆ ಕುಳಿತು ಆಚೆಯ ರಸ್ತೆಯನ್ನೇ ನೋಡುತ್ತಿದ್ದಳು. ಸಂಜೆ ಫೋನು ಬಂತು: ಹೆಣ್ಣು ಕೂಸು, ಇಬ್ಬರೂ ಸುಖರೂಪ. "ನನ್ನ ಮಗಳ ಚೊಚ್ಚಲ ಹೆರಿಗಿ ಬೀಗತಿ ಕೈಯಾಗ ಆತಲ್ಲೋ!" ಎಂದು ಅಳುತ್ತಳುತ್ತಲೇ ನಕ್ಕಳು.

ಮರುದಿನ ಬೆಳಿಗ್ಗೆ ಅವ್ವ ಬಾಣಂತಿಗೆ ಅಂಟಿನ ಉಂಡೆ ಕಟ್ಟಲು ಅಂಟನ್ನು ತುಪ್ಪದಲ್ಲಿ ಹುರಿಯುತ್ತಿದ್ದಳು. ಅವಳನ್ನು ತಡೆದರೂ ಉಂಡೆಯನ್ನು ಯಾರು ತಡೆದಾರು. ಹಾಲಿನ ಗಾಡಿಯಲ್ಲಿ ಕಳಿಸುವುದೆಂದು ನಿಶ್ಚಯವಾಗಿತ್ತು.

"ಏನ್ ಘಮಾ ಘಮಾ ಹೊಡ್ಯಾಕತ್ತೈತ್ರಿ ಓಣಿ ತುಂಬ!" ಎಂದು ಪಕ್ಕದ ಮನೆಯಾಕೆ ಹಗ್ಗದ ಆಚೆಯಿಂದ ಕೂಗಿದಳು.

ನಾನು ಒಲೆಯ ಮುಂದೆಯೇ ಇದ್ದೆ. ಬಗ್ಗಿ ಮೂಸಿದೆ. ತುಪ್ಪದ ಡಬ್ಬಿಯನ್ನೇ ಎತ್ತಿ ಮೂಗಿಗೆ ಹಿಡಿದೆ. ಯಾವ ವಾಸನೆಯೂ ಇಲ್ಲ.

ಅಷ್ಟರಲ್ಲಿ ತಂಗಿಯ ಫೋನು. ಬಿಕ್ಕುತ್ತಿದ್ದಳು.

"ಅಣ್ಣಾ, ನನಗ ಪಾಸಿಟಿವ್ ಬಂದೈತಿ. ಕೂಸಿನ್ನ ಬ್ಯಾರೆ ಖೋಲ್ಯಾಗ ಇಟ್ಟಾರ, ಎತ್ತಿಕೊಳ್ಳಾಕ ಕೊಡವಲ್ರು."

"ಕೂಸು ಹೆಂಗೈತಿ?"

"ಆರಾಮ ಐತಂತ. ಹೊರಗಿನವ್ರು ಯಾರು ಹತ್ರ ಬಂದಿದ್ರು ಅಂತ ಕೇಳಾಕತ್ತಾರ. ಯಾರೂ ಇಲ್ಲ, ನಮ್ಮಣ್ಣ ಬಾಗಿಲಿಗೆ ಹಗ್ಗ ಕಟ್ಟಿದ್ದ ಅಂತ ಹೇಳೇನಿ. ಖರೆ ಅಲ್ಲೇನು?"

ತುಪ್ಪದ ಡಬ್ಬಿ ಇನ್ನೂ ನನ್ನ ಕೈಯಲ್ಲಿತ್ತು.

"ನನ್ನ ಹೆಸರ ಹೇಳು," ಎಂದೆ.