ಎರಡು ಮಹಡಿ ಮೇಲಿನ ಕಣ್ಣು

ಇಪ್ಪತ್ತಾರು ವರ್ಷ ದೊಡ್ಡ ವಿಮಾನ ಹಾರಿಸಿದ ಕ್ಯಾಪ್ಟನ್ನರಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ನೆಲ ಎಲ್ಲಿದೆ ಎನ್ನುವುದೇ ತಿಳಿಯದಂತಾಯಿತು. ಅವರ ಕಂಪನಿ ಬಾಗಿಲು ಹಾಕಿಕೊಂಡಿತ್ತು. ರೋಗಿಗಳನ್ನು ಸಾಗಿಸುವ ಪುಟ್ಟ ಆಂಬ್ಯುಲೆನ್ಸ್ ವಿಮಾನದ ಕೆಲಸಕ್ಕೆ ಅರ್ಜಿ ಹಾಕುವಾಗ, ಬಸ್ ಓಡಿಸಿದವನಿಗೆ ಸ್ಕೂಟರ್ ಏನು ಮಹಾ ಎಂದು ಗೆಳೆಯರ ಮುಂದೆ ಕೊಚ್ಚಿಕೊಂಡಿದ್ದರು. ಪರೀಕ್ಷೆಯಲ್ಲಿ ಎರಡು ಸಲ ಮಣ್ಣು ಮುಕ್ಕಿದ ಮೇಲೆ ಆ ಮಾತು ಎತ್ತಲಿಲ್ಲ.

ಎರಡೂ ಸಲ ತಪ್ಪು ಒಂದೇ. ದೊಡ್ಡ ವಿಮಾನ ಇಳಿಯುವಾಗ ಪೈಲಟ್ ಕೂರುವ ಜಾಗ ನೆಲದಿಂದ ಎರಡು ಮಹಡಿ ಮೇಲಿರುತ್ತದೆ. ನೆಲ ಅಷ್ಟು ದೂರದಲ್ಲಿರುವಾಗಲೇ ಹಿಡಿಕೆ ಎಳೆದು ವಿಮಾನದ ಮೂತಿ ಎತ್ತಬೇಕು. ಆ ಎತ್ತರ ಅವರಿಗೆ ರಕ್ತಗತವಾಗಿತ್ತು. ಕೂರುವ ಜಾಗ ನೆಲಕ್ಕೆ ಹತ್ತಿರವೇ ಇರುವ ಪುಟ್ಟ ವಿಮಾನದಲ್ಲೂ ಕೈ ಅಷ್ಟೆತ್ತರದಲ್ಲೇ ಹಿಡಿಕೆ ಎಳೆಯುತ್ತಿತ್ತು. ಪಾಪದ ವಿಮಾನ ವೇಗ ಕಳೆದುಕೊಂಡು, ನೆಲ ಇನ್ನೂ ಕೆಳಗಿರುವಾಗಲೇ ಧೊಪ್ಪೆಂದು ಕುಸಿಯುತ್ತಿತ್ತು.

ಪರೀಕ್ಷಕ ಅವರಿಗಿಂತ ಹತ್ತು ವರ್ಷ ಕಿರಿಯ. ಹೊಲಗಳಿಗೆ ಔಷಧಿ ಹೊಡೆಯುವ ವಿಮಾನದಲ್ಲಿ, ಬೆಳೆಯ ತುದಿ ಸವರಿಕೊಂಡೇ ಅರ್ಧ ಆಯುಷ್ಯ ಕಳೆದವನು.

"ಇದು ಕೊನೇದು ಸಾರ್. ಇದೂ ಕೆಟ್ರೆ ಫೈಲ್ ಮುಚ್ಚಬೇಕಾಗತ್ತೆ," ಎಂದ. "ನೆಲಕ್ಕೆ ಅಂಡು ತಾಗ್ತು ಅನ್ನೋವರೆಗೂ ಎಳೀಬೇಡಿ."

ಕ್ಯಾಪ್ಟನ್ನರಿಗೆ ಸುಸ್ತಾಗಿತ್ತು. ಅದು ಆ ದಿನದ ಸುಸ್ತಲ್ಲ, ರಾತ್ರಿಯಿಡೀ ವಿಮಾನ ಹಾರಿಸಿ ಹೋಟೆಲ್ ಕೋಣೆಗಳ ದಪ್ಪ ಪರದೆ ಎಳೆದು ಹಗಲಲ್ಲಿ ಅರೆನಿದ್ದೆ ಮಾಡಿದ ಅಷ್ಟೂ ವರ್ಷಗಳದ್ದು. ರನ್‌ವೇ ಎದ್ದುಬಂತು. ಎರಡು ಮಹಡಿ ಎತ್ತರ. ಕೈ ತುಡಿಯಿತು, ತಡೆದುಕೊಂಡರು. ಒಂದು ಮಹಡಿ. ಕತೆ ಮುಗಿಯಿತು ಅನ್ನಿಸಿತು, ಬೆವರು ಕಣ್ಣಿಗಿಳಿಯಿತು, ಆದರೂ ಎಳೆಯಲಿಲ್ಲ. ರನ್‌ವೇ ಮೇಲಿನ ಟೈರ್ ಗುರುತುಗಳು ಒಂದೊಂದಾಗಿ ಕಾಣತೊಡಗಿದಾಗ ಮೆಲ್ಲಗೆ ಎಳೆದರು. ಚಕ್ರ ನೆಲ ಮುಟ್ಟಿದ್ದೇ ಗೊತ್ತಾಗಲಿಲ್ಲ.

"ಬಂತಲ್ಲ ಸಾರ್," ಎಂದ ಪರೀಕ್ಷಕ. ತೊಡೆಯ ಮೇಲೇ ಕಾಗದ ಇಟ್ಟುಕೊಂಡು ಸಹಿ ಹಾಕಿದ.

ಆಫೀಸಿನ ಹಜಾರದ ಬೆಂಚಿನಲ್ಲಿ ಕುಸಿದು ಕೂತು ಹೆಂಡತಿಗೆ ಫೋನ್ ಮಾಡಿದರು. "ಪಾಸಾದೆ."

"ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದಳು. "ನೀವು ಫೇಲಾಗ್ಲಿ ಅಂತ ಬೇಡ್ಕೊಂಡು ಕೂತಿದ್ದೆ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎರಡು ಸಲ ಸೋತಾಗಲೂ ಅವಮಾನದ ಅಡಿಯಲ್ಲೆಲ್ಲೋ, ಸದ್ಯ ಮುಗಿಯಿತಲ್ಲ ಎಂದು ಮನಸ್ಸು ಹಗುರಾಗಿತ್ತು. ಆ ಬಗ್ಗೆ ಅವರು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

"ನನಗೂ ಹಾಗೇ ಅನ್ನಿಸಿತ್ತು ಕಣೇ," ಎಂದರು. "ಏನ್ಮಾಡ್ಲಿ, ಸರಿಯಾಗಿ ಇಳಿಸಿಬಿಟ್ಟೆ."

"ಯಾವಾಗಿಂದ ಡ್ಯೂಟಿ?"

"ನಾಳೆ ಬೆಳಗ್ಗೆ ಆರಕ್ಕೆ."

"ಹಾಗಾದ್ರೆ ಬೇಗ ಬನ್ನಿ," ಎಂದಳು. "ಇವತ್ತೊಂದಿನ ಆದ್ರೂ ಮನೇಲಿ ನೆಟ್ಟಗೆ ಮಲ್ಕೊಳ್ಳಿ."